ಬಾಯಿ ಕಾಣುವ ಸೀಟು

ಆಗೆಲ್ಲ ನಾಟಕದ ಟಿಕೀಟು ಬೇಕೆಂದರೆ ಮೊದಲು ಒಬ್ಬ ಮನುಷ್ಯ ಬೇಕಾಗುತ್ತಿದ್ದ. ಮುಂಬಯಿ ಕಂಪನಿಯ ನಾಟಕ ಕೊಲ್ಹಾಪುರಕ್ಕೆ ಬರುತ್ತದೆ ಅನ್ನುವ ಸುದ್ದಿ ಮರಾಠಿ ಪೇಪರಿನ ಮೂಲೆಯಲ್ಲಿ ಕಂಡಿತೆಂದರೆ, ಗಡಹಿಂಗ್ಲಜದಲ್ಲಿ ಕೂತ ನಾವು ಆ ಕಡೆ ನಮ್ಮವರು ಯಾರಿದ್ದಾರೆ, ಯಾರ ಷಡ್ಡಕ ಸಾಲಿನಲ್ಲಿ ನಿಲ್ಲುವಷ್ಟು ಗಟ್ಟಿ ಇದ್ದಾನೆ, ಯಾರು ನಿಂತು ನಿಂತು ಬೇಸರವಾಗಿ ಚಹಾ ಕುಡಿಯಲು ಹೋಗಿಬಿಡುತ್ತಾನೆ ಎಂದು ಲೆಕ್ಕ ಹಾಕುತ್ತಿದ್ದೆವು. ಟಿಕೀಟು ಕೈಗೆ ಬಂದಮೇಲೆ ಅದನ್ನು ದೇವರ ಮುಂದೆ ಇಡುವವರೂ ಇದ್ದರು. ನಮ್ಮ ಮನೆಯಲ್ಲಿ ಇಟ್ಟಿರಲಿಲ್ಲ. ಇಟ್ಟಿದ್ದರೆ ಚೆನ್ನಾಗಿತ್ತೇನೋ.

ನಾನು ಚಿಂತೆಯ ಹೆಂಗಸು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹೊಳ್ಳಿ ಬರುವವಳು, ರೈಲಿಗೆ ಮುಂಚಿತವಾಗಿ ಹೋಗಿ ಹಿಂದಿನ ರೈಲನ್ನೇ ಹತ್ತಿಬಿಟ್ಟವಳು. ಸಿಟ್ಟು ಮಾತ್ರ ನನಗೆ ಕಡಿಮೆ ಎನ್ನುತ್ತಾರೆ. ಅದು ಸುಳ್ಳು. ಇದ್ದ ಸಿಟ್ಟನ್ನೆಲ್ಲ ನಾನು ಒಂದೇ ಕಡೆ ಕೂಡಿಟ್ಟಿದ್ದೇನೆ, ಬಿಳಿ ಪ್ಯಾಂಟು ತೊಟ್ಟಿದ್ದ ಒಬ್ಬ ಸಾಹೇಬರ ಮೇಲೆ. ಅವರ ಹೆಸರು ನನಗೆ ಗೊತ್ತಿಲ್ಲ. ನಾನು ಅವರನ್ನು ನೋಡಿದ್ದು ಒಂದೇ ಒಂದು ಸಂಜೆ, ಅದೂ ಮೂರನೇ ಇಯತ್ತೆಯಲ್ಲಿದ್ದಾಗ. ಆದರೂ ಅನ್ನದ ಕುಕ್ಕರ್ ಸೀಟಿ ಹೊಡೆಯುವುದನ್ನು ಕಾಯುತ್ತ ನಿಂತಾಗ ಒಮ್ಮೊಮ್ಮೆ ಅವರು ನೆನಪಾಗಿ, ಸೌಟು ಹಿಡಿದ ಕೈ ತಾನಾಗಿಯೇ ಮೇಲೆ ಏಳುತ್ತದೆ.

ಅಪ್ಪನದು ಮೆಣಸಿನಕಾಯಿಯ ಅಡತಿ ಅಂಗಡಿ. ಮಾಘದಲ್ಲಿ ನಮ್ಮ ಅಂಗಳ, ಮಾಳಿಗೆ, ಓಣಿಯ ಅರ್ಧ ಎಲ್ಲ ಕೆಂಪಗಾಗಿ, ಅಂಚೆಯವನು ಮೂಗಿಗೆ ಟಾವೆಲ್ ಕಟ್ಟಿಕೊಂಡು ಬರುತ್ತಿದ್ದ. ನಮ್ಮ ಬಟ್ಟೆ, ಹಾಸಿಗೆ, ಪಾಠದ ಪುಸ್ತಕ, ಎಲ್ಲದರಲ್ಲೂ ಘಾಟು. ನಮಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಶಾಲೆಯಲ್ಲಿ ನನ್ನ ಪಕ್ಕ ಕೂತವರು ಸೀನಿದಾಗ ಮಾತ್ರ ಗೊತ್ತಾಗುತ್ತಿತ್ತು. ಅಪ್ಪನಿಗೆ ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ದನಿ. ಮಾಲಿನ ಸವಾಲು, ಅಂದರೆ ಹರಾಜು, ಕೂಗಿ ಕೂಗಿ, ಮನೆಯಲ್ಲಿ ಉಪ್ಪು ಕೇಳಿದರೂ ಸವಾಲಿನ ಹಾಗೆಯೇ ಕೇಳುತ್ತಿದ್ದ.

ಅಂಥ ಮನೆಗೆ ಆ ವರ್ಷ ಪದ್ಮವ್ವತ್ತಿ ಬಂದಳು. ಅಪ್ಪನ ಅಕ್ಕ. ಇಚಲಕರಂಜಿಯ ಹತ್ತಿರದ ಕೊರೋಚಿಯಲ್ಲಿ ಆಕೆಯ ಸಂಸಾರ; ಮನೆಯ ಮುಂಭಾಗದಲ್ಲಿಯೇ ಪಾವರ್‌ಲೂಮ್ ಮಗ್ಗ. ಮಾಮಾ ತೀರಿಕೊಂಡ ಮೇಲೆ ಅಪ್ಪನೇ ಹೋಗಿ ಕರೆದುಕೊಂಡು ಬಂದಿದ್ದ. ಬಂದ ಕೆಲವೇ ದಿನಗಳಲ್ಲಿ ಅವ್ವನ ತಕರಾರು ಶುರುವಾಯಿತು.

"ನಿಮ್ಮ ಅಕ್ಕಗ ಇಚಲಕರಂಜಿ ಸೊಕ್ಕು ಭಾಳ ಐತ್ರಿ. ಹಿಂದಿಂದ ಹತ್ತ ಸಲ ಕರದ್ರ ಒಮ್ಮೆ ಹೊಳ್ಳಿ ನೋಡೂದಿಲ್ಲ."

"ಗಂಡನ್ನ ಕಳಕೊಂಡಾಳ, ಬಿಡ," ಎಂದು ಅಪ್ಪ ಕೂಗುತ್ತಿದ್ದ. ಸಮಾಧಾನವನ್ನೂ ಆತ ಕೂಗಿಯೇ ಹೇಳುವವನು.

ಸೊಕ್ಕಲ್ಲ ಅನ್ನುವುದು ಮನೆಯಲ್ಲಿ ಮೊದಲು ಗೊತ್ತಾದದ್ದು ನನಗೆ. ಕರೆಂಟು ಹೋದರೆ ಅತ್ತಿಯ ಮಾತೂ ಹೋಗುತ್ತಿತ್ತು. ಅಲ್ಲಿಯವರೆಗೆ ಚಟಪಟ ಮಾತಾಡುತ್ತಿದ್ದವಳು ಕತ್ತಲಾದ ಕೂಡಲೇ ಗಪ್ಪನಾಗುವಳು. ನಾನು ಏನು ಕೇಳಿದರೂ ಉತ್ತರವಿಲ್ಲ. ಒಮ್ಮೆ ನಾನು ಕಂದೀಲು ಹಚ್ಚಿ ತಂದು ಇಬ್ಬರ ನಡುವೆ ಇಟ್ಟೆ. ಅತ್ತಿ ಕಂದೀಲನ್ನು ಎತ್ತಿ ನನ್ನ ಮುಖದ ಹತ್ತಿರ ಹಿಡಿದು, "ಈಗ ಹೇಳವಾ," ಎಂದಳು. ನನ್ನ ಕಣ್ಣು ನೋಡಲಿಲ್ಲ, ಬಾಯಿ ನೋಡಿದಳು.

ಮಗ್ಗದ ಸದ್ದು ಆಕೆಯ ಕಿವಿ ತಿಂದಿತ್ತು. ಮದುವೆಯಾಗಿ ಹೋದಾಗಿನಿಂದ ಆ ಖಟಕ್-ಖಟಕಿನಲ್ಲಿಯೇ ನಿದ್ದೆ, ಅಡಿಗೆ, ಬಾಣಂತನ. ಆ ಸದ್ದಿನಲ್ಲಿ ಯಾರಿಗೂ ಯಾರ ಮಾತೂ ಕೇಳುವುದಿಲ್ಲ. ಮಗ್ಗದವರು ಸದ್ದಿಲ್ಲದೆ ಬಾಯಿ ಅಗಲ ಮಾಡಿ ಮಾತಾಡುತ್ತಾರೆ, ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಹಾಗೆ ಕಲಿತದ್ದರಿಂದ ಅತ್ತಿಗೆ ತನ್ನ ಕಿವಿ ಯಾವಾಗ ಹೋಯಿತೆಂಬುದೇ ಬಹಳ ದಿನ ಗೊತ್ತಾಗಿರಲಿಲ್ಲವಂತೆ. ಹೇಳಿ ನಗುತ್ತಿದ್ದಳು. "ಯಾರಿಗೂ ಹೇಳಬ್ಯಾಡ. ಕಿವುಡಿ ಅಂತ ತಿಳದ್ರ ಒಬ್ರೂ ಮಾತಾಡ್ಸೂದಿಲ್ಲ. ಸೊಕ್ಕಿನಾಕಿ ಅಂದ್ರ ಬೈಯ್ಯಾಕರ ಬರತಾರ."

ಮಗ್ಗದ ಮಾತನ್ನು ನನಗೂ ಕಲಿಸಿದಳು. ಆ ಚಳಿಗಾಲ ನನಗೆ ಬೇರೆ ಆಟವೇ ಬೇಡವಾಯಿತು. ಅಂಗಳದ ಆ ತುದಿಗೆ ಆಕೆ ಮೆಣಸಿನಕಾಯಿ ತೊಟ್ಟು ಮುರಿಯುತ್ತ, ಈ ತುದಿಗೆ ನಾನು ಶೇಂಗಾ ಸುಲಿಯುತ್ತ, ನಡುವೆ ಅವ್ವ ಓಡಾಡುತ್ತಿದ್ದರೂ ಅವ್ವನ ಬಗ್ಗೆಯೇ ಚಾಡಿ ಹೇಳಿಕೊಂಡು ನಗುತ್ತಿದ್ದೆವು. ಸದ್ದಿಲ್ಲ. "ಈ ಪೋರಿಗೆ ಏನ ಹತ್ತೇತಿ? ಸುಮ್ ಸುಮ್ಮನ ನಗತಾಳ," ಎಂದು ಅವ್ವ ನನಗೆ ದೃಷ್ಟಿ ತೆಗೆದಳು. ಮೆಣಸಿನಕಾಯಿಗಂತೂ ಬರವಿರಲಿಲ್ಲ.

ಕೊರೋಚಿಯಲ್ಲಿ ಹೊಸದಾಗಿ ಮದುವೆಯಾದಾಗ, ಕಿವಿ ಇನ್ನೂ ಚೆನ್ನಾಗಿದ್ದಾಗ, ಮಗ್ಗಕ್ಕೆ ಸೂಟಿ ಇದ್ದ ದಿನ ಅತ್ತಿ ರೇಡಿಯೋದಲ್ಲಿ ಮರಾಠಿ ನಾಟಕ ಕೇಳುತ್ತಿದ್ದಳು. ಅದರಲ್ಲಿ ಮುಂಬಯಿಯ ಒಬ್ಬ ನಟಿ. ಆಕೆಯ ದನಿಯ ಬಗ್ಗೆ ಅತ್ತಿ ಹೇಳುವಾಗ ಬಾಯಲ್ಲಿ ಬೆಲ್ಲದ ಹರಳು ಇಟ್ಟುಕೊಂಡವರ ಹಾಗೆ ಹೇಳುತ್ತಿದ್ದಳು. ಆ ನಟಿಯ ನಾಟಕ ಕೊಲ್ಹಾಪುರಕ್ಕೆ ಬರುತ್ತದೆಂದು ಪೇಪರಿನಲ್ಲಿ ನೋಡಿದ ದಿನ ಆಕೆ ಊಟ ಅರ್ಧಕ್ಕೆ ಬಿಟ್ಟು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು.

"ಆಕಿ ದನಿ ನನಗ ಬಾಯಿಪಾಠ ಐತಿ, ಸುಜ್ಜಿ. ಬಾಯಿ ಅಷ್ಟ ನೋಡಿಲ್ಲ. ಬಾಯಿ ಸಮೀಪದಿಂದ ನೋಡಿದ್ನೆಂದ್ರ ಸಾಕು, ದನಿ ತಾನ ಬರತೈತಿ. ಇನ್ನೊಮ್ಮೆ ಕೇಳಬೇಕಾಗೇತಿ ನನಗ."

ಅತ್ತಿ ಸಾಮಾನ್ಯವಾಗಿ ಏನನ್ನೂ ಕೇಳುವವಳಲ್ಲ. ಎರಡು ಸೀರೆ ಸಾಕೆನ್ನುವವಳು.

ಟಿಕೀಟಿಗೆ ಬೇಕಾದ ಮನುಷ್ಯ ಸಿಕ್ಕ. ಅತ್ತಿಯ ಮೈದುನ ನೇಮು ಕಾಕಾ, ಕೊರೋಚಿಯಲ್ಲಿ ಮಗ್ಗ ನಡೆಸುತ್ತಿದ್ದವನು. ಒಮ್ಮೆ ಆಕೆಯನ್ನು ಮಾತಾಡಿಸಲು ಬಂದಾಗ, ಅಪ್ಪ-ಅವ್ವರ ಎದುರಿನಲ್ಲೇ ಆತ ಸದ್ದಿಲ್ಲದೆ ಬಾಯಿ ಆಡಿಸಿದ್ದನ್ನು ನಾನು ನೋಡಿದೆ: 'ವೈನಿ, ಚಿಂತಿ ಬ್ಯಾಡ. ಎಲ್ಲಾರಕಿಂತ ಮುಂದಿಂದ ತರತೇನಿ.' ಕೊಲ್ಹಾಪುರಕ್ಕೆ ಹೋಗಿ ಟಿಕೀಟಿನ ಖಿಡಕಿ ತೆರೆಯುವುದಕ್ಕೂ ಮೊದಲೇ ನಿಂತು, ಹೇಳಿದ ಹಾಗೆ ಮೊದಲನೇ ಸಾಲಿನ ಮೂರು ಟಿಕೀಟನ್ನೇ ತಂದ. ನಾಟಕದ ದಿನ ಕೊಲ್ಹಾಪುರದ ಎಸ್.ಟಿ. ಸ್ಟ್ಯಾಂಡಿನಲ್ಲಿ ಅಪ್ಪ, ಅತ್ತಿ ಮತ್ತು ನನ್ನನ್ನು ಎದುರುಗೊಂಡು ಅಪ್ಪನ ಕೈಗೆ ಕೊಟ್ಟ.

"ಮೊದಲನೇ ಸಾಲ ಐತ್ರಿ ಅಣ್ಣಾ. ವೈನಿಗಿ ಅಂತ ನಿಂತ ತಂದೇನಿ," ಎಂದ.

ಒಂದು ಬಸ್ಸು ಅದೇ ವೇಳೆಗೆ ಹಾರ್ನ್ ಬಾರಿಸುತ್ತ ಹಿಂದಕ್ಕೆ ಬರುತ್ತಿತ್ತು. ಅಪ್ಪ "ಹೂಂ ಹೂಂ" ಎಂದು ಟಿಕೀಟನ್ನು ಅಂಗಿಯ ಒಳಕಿಸೆಗೆ ಹಾಕಿಕೊಂಡ. ಕಿವಿ ಗಟ್ಟಿ ಇದ್ದವನೇ ಕೇಳಿಸಿಕೊಳ್ಳಲಿಲ್ಲ. ಕಾಕಾನಿಗೆ ಪಾಳಿ ಇತ್ತು, ಇಚಲಕರಂಜಿ ಬಸ್ಸು ಹಿಡಿದು ಹೋಗಿಬಿಟ್ಟ.

ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಆರರ ಆಟ. ಆದ್ದರಿಂದ ನಾಟ್ಯಗೃಹದ ಅಂಗಳದಲ್ಲಿಯೇ ಕಟ್ಟೆಯ ಮೇಲೆ ಗಂಟು ಬಿಚ್ಚಿದೆವು. ದಪಾಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಸುತ್ತ ಅತ್ತರು ಹಚ್ಚಿದ ಜನ, ಮಲ್ಲಿಗೆ ಮುಡಿದ ಹೆಂಗಸರು, ಗೋಡೆಯ ಮೇಲೆ ನಟಿಯ ದೊಡ್ಡ ಚಿತ್ರ. ಅತ್ತಿ ಚಿತ್ರದ ಕಡೆ ಮುಖ ಮಾಡಿ ಕೂತು, ತುತ್ತು ಬಾಯಿಗಿಡುವುದನ್ನು ಮರೆತು ಆ ತುಟಿಗಳನ್ನೇ ನೋಡುತ್ತಿದ್ದಳು. ಆಕೆಯ ಬೆನ್ನ ಹಿಂದೆ ಅಪ್ಪ ಚಾಳೀಸಿನ ಕನ್ನಡಕ ಏರಿಸಿ ಟಿಕೀಟು ಓದಿದ.

"ಪಹಿಲಿ ರಾಂಗ?" ಅಪ್ಪನ ಮುಖ ಅಂಗಳದಲ್ಲಿ ಹರವಿದ ಮಾಲಿನ ಬಣ್ಣಕ್ಕೆ ತಿರುಗಿತು. "ಮೊದಲನೇ ಸಾಲು? ಪಡದಾ ಬುಡಕ? ಈ ನೇಮ್ಯಾ ನಮ್ಮನ್ನ ಏನಂತ ತಿಳದಾನ?"

ಇಲ್ಲಿ ಅಪ್ಪನ ತಪ್ಪನ್ನು ತಿಳಿಯಬೇಕಾದರೆ ನಮ್ಮೂರ ಟಾಕೀಜನ್ನು ತಿಳಿಯಬೇಕು. ಅಲ್ಲಿ ಪರದೆಯ ಬುಡದಲ್ಲಿ ಕೂರುವವರು ಅಂಗಿ ಬಿಚ್ಚಿ ತಲೆಯ ಮೇಲೆ ತಿರುಗಿಸುವ, ಸೀಟಿ ಹೊಡೆಯುವ ಮಂದಿ. ಶೇಂಗಾ ಸಿಪ್ಪೆ, ಬೀಡಿ, ಕುತ್ತಿಗೆ ನೋವು ಎಲ್ಲ ಅಲ್ಲಿ. ಎಷ್ಟು ಹಿಂದೆ, ಎಷ್ಟು ಮೇಲೆ ಕೂತರೆ ಅಷ್ಟು ಮರ್ಯಾದೆ. ನಮ್ಮ ಮನೆತನದವರು ಬಾಲ್ಕನಿ ಬಿಟ್ಟು ಕೆಳಗೆ ಕೂತದ್ದಿಲ್ಲ. ಸಿನಿಮಾ ಮಾತ್ರ ನೋಡಿದ ಅಪ್ಪನಿಗೆ, ನಾಟಕದಲ್ಲಿ ಅದು ಪೂರಾ ತಿರುಗಾ ಮುರುಗಾ ಎನ್ನುವುದು ಹೇಗೆ ಗೊತ್ತಾಗಬೇಕು? ಗೊತ್ತಿಲ್ಲದವನ ಮೇಲೆ ನನ್ನ ಸಿಟ್ಟಿಲ್ಲ.

ಗೊತ್ತಿದ್ದವರು ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು. ಬಿಳಿ ಪ್ಯಾಂಟು, ಚಿನ್ನದ ಅಂಚಿನ ಚಷ್ಮಾ, ಪಕ್ಕದಲ್ಲಿ ಹೆಂಡತಿ ಮತ್ತು ನನಗಿಂತ ಸ್ವಲ್ಪ ದೊಡ್ಡ ಮಗಳು. ಅಪ್ಪನ ಕೂಗಾಟ ಕೇಳಿ ಆ ಸಾಹೇಬರು ಎದ್ದು ಬಂದರು. ಏನಾಯಿತು ಪಾಹುಣೇ ಎಂದು ಮರಾಠಿಯಲ್ಲಿ ಮೆತ್ತಗೆ ವಿಚಾರಿಸಿದರು. ಅಪ್ಪ ಟಿಕೀಟು ತೋರಿಸಿ ನೇಮು ಕಾಕಾನ ಕುಲವನ್ನೆಲ್ಲ ಜಾಲಾಡಿದ. ಸಾಹೇಬರು ಟಿಕೀಟನ್ನು ನೋಡಿದರು. ಆಮೇಲೆ ಗದ್ದ ಸವರಿಕೊಂಡು, ಪಾಪ ಅನ್ನುವ ಹಾಗೆ ಅಪ್ಪನನ್ನು ನೋಡಿದರು.

"ದೂರದಿಂದ ಬಂದೀರಿ, ಲೇಡೀಸ್ ಜೊತೆಗೆ," ಎಂದರು ಮರಾಠಿಯಲ್ಲಿಯೇ. "ನಮ್ಮವು ಬಾಲ್ಕನಿ. ತಗೊಳ್ಳಿ, ಬದಲಿ ಮಾಡಿಕೊಳ್ಳೋಣ. ನಾವು ಇಲ್ಲಿಯವರೇ, ಹೇಗೋ ಮುಂದೆ ಕೂತು ಸಾಗಿಸುತ್ತೇವೆ."

ಅಷ್ಟರಲ್ಲಿ ಅವರ ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಸಾಹೇಬರು ಅಪ್ಪನ ಕಡೆ ಬೆನ್ನು ಮಾಡಿ, ಸದ್ದಿಲ್ಲದೆ, ತುಟಿಯಲ್ಲಿ ಮಾತ್ರ ಆಕೆಗೆ ಹೇಳಿದರು: 'ಗಪ್ಪ ಬಸ. ಪಹಿಲೀ ರಾಂಗ ಮಿಳತೇಯ.'

ಗಪ್ಪನೆ ಕೂಡ್ರು, ಮೊದಲನೇ ಸಾಲು ಸಿಗಾಕತ್ತೇತಿ. ಇಡೀ ಚಳಿಗಾಲ ಇದನ್ನೇ ಕಲಿತಿದ್ದ ನಾನು ಎದುರಿಗೇ ಇದ್ದೆ. ಒಂದಕ್ಷರ ತಪ್ಪಲಿಲ್ಲ.

"ಅಪ್ಪಾ, ಕೊಡಬ್ಯಾಡ! ಅವರಿಗೆ ಗೊತ್ತೈತಿ! ಮುಂದಿಂದ ಛಲೋ ಅದಾವಂತ ಅಂದ್ರು!"

"ಯಾವಾಗ ಅಂದ್ರು?"

"ಬಾಯಾಗ ಅಂದ್ರು. ಸದ್ದ ಇಲ್ಲದ."

"ಸದ್ದ ಇಲ್ಲದ್ದು ನಿನಗ ಹ್ಯಾಂಗ ಕೇಳತ?" ಅಪ್ಪ ಸಾಹೇಬರ ಕಡೆ ನೋಡಿ ನಾಚಿಕೆಯಿಂದ ನಕ್ಕ. "ಸಣ್ಣ ಹುಡುಗಿ, ಮನಸಿಗೆ ತಗೋಬ್ಯಾಡ್ರಿ."

ನನಗೆ ಬೇರೆ ದಾರಿ ಉಳಿಯಲಿಲ್ಲ. "ಅತ್ತಿಗೆ ಕಿವಿ ಕೇಳೂದಿಲ್ಲಪ್ಪಾ! ಬಾಯಿ ನೋಡಿ ತಿಳಕೋತಾಳ! ಮ್ಯಾಲಿಂದ ಆಕಿಗೆ ಬಾಯಿ ಕಾಣೂದಿಲ್ಲ!" ಎಂದು ಅಂಗಳಕ್ಕೆಲ್ಲ ಕೇಳುವಂತೆ ಚೀರಿದೆ. ಕೇಳದೇ ಉಳಿದವಳು ಅತ್ತಿ ಒಬ್ಬಳೇ. ಇನ್ನೂ ಚಿತ್ರವನ್ನೇ ನೋಡುತ್ತಿದ್ದಳು.

ಅಪ್ಪ ಆಕೆಯ ಮುಂದಕ್ಕೆ ಹೋಗಿ, ಬಗ್ಗಿ, ಮುಖಕ್ಕೆ ಮುಖ ಕೊಟ್ಟು ಕೇಳಿದ. "ಅಕ್ಕಾ, ನಿನಗ ಕಿವಿ ಕೇಳತಾವಿಲ್ಲೋ?"

ಅತ್ತಿ ಆತನ ಬಾಯಿಯನ್ನು ನೋಡಿದಳು. ಅಪ್ಪನ ಹೆಗಲ ಮೇಲಿಂದ ಇಣುಕುತ್ತಿದ್ದ ಅಪರಿಚಿತ ಗಂಡಸನ್ನು ನೋಡಿದಳು. "ಕೇಳತಾವ. ಯಾಕ ಕೇಳೂದಿಲ್ಲ?" ಎಂದಳು.

"ನೋಡ!" ಎಂದ ಅಪ್ಪ ನನಗೆ.

ಈಗ ಹೇಳಿ, ಯಾವ ಕೋರ್ಟಿಗೆ ಹೋಗಲಿ ನಾನು? ನಾನು ಸಾಹೇಬರನ್ನೇ ನೋಡಿದೆ. ನಾನು ಹೇಳಿದ್ದು ಅವರಿಗೆ ತಿಳಿದಿತ್ತು. ಕೊಲ್ಹಾಪುರದಲ್ಲಿ ಅಷ್ಟು ಕನ್ನಡ ಯಾರಿಗೆ ತಿಳಿಯುವುದಿಲ್ಲ? ಅದರಲ್ಲೂ ನಾನು ಕಿವಿ ಮುಟ್ಟಿ, ಬಾಯಿ ಮುಟ್ಟಿ ತೋರಿಸಿದ್ದೆ. ಅವರ ಕಣ್ಣು ಒಮ್ಮೆ ಅತ್ತಿಯ ಮೇಲೆ ಹೋಗಿ ನಿಂತಿತು. ಆಮೇಲೆ ಅವರು ಕೈ ಚಾಚಿ ಟಿಕೀಟು ತೆಗೆದುಕೊಂಡರು. ಕಿಸೆಗೆ ಹಾಕುವ ಮೊದಲು ಮೆಣಸಿನಕಾಯಿ ಘಾಟಿಗೆ ಮೂರು ಸಲ ಸೀನಿದರು. ಆ ದಿನ ನನಗೆ ಸಿಕ್ಕ ನ್ಯಾಯ ಅಷ್ಟೇ.

ಮೆಟ್ಟಿಲು ಹತ್ತುವಾಗ ಅತ್ತಿ ನಿಂತಳು. "ಮ್ಯಾಲ ಯಾಕ ಹೊಂಟೇವಿ? ಮುಂದಲ್ಲೇನು?"

"ಬಾಲ್ಕನಿ, ಅಕ್ಕಾ!" ಅಪ್ಪ ಎದೆ ಉಬ್ಬಿಸಿ ಹೇಳಿದ. "ನಿನಗಂತ ಬದಲಿ ಮಾಡಿಸೇನಿ!"

ಅತ್ತಿ ನನ್ನ ಕಡೆ ನೋಡಿದಳು. ನಾನು ಸದ್ದಿಲ್ಲದೆ ಎಲ್ಲ ಹೇಳಿದೆ. ಆಕೆ ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತಿದಳು.

ಮೇಲಿನಿಂದ ಆ ನಟಿ ಹೆಬ್ಬೆರಳಿನಷ್ಟು ಕಾಣುತ್ತಿದ್ದಳು. ಬಾಯಿ ಎಲ್ಲಿ, ಮೂಗು ಎಲ್ಲಿ? ಅತ್ತಿ ಮುಂದಿನ ಕಟಕಟೆಗೆ ಗದ್ದ ಊರಿ, ಕಣ್ಣು ಕಿರಿದು ಮಾಡಿ, ಆಮೇಲೆ ಅಗಲ ಮಾಡಿ ನೋಡಿದಳು. ಜನ ನಕ್ಕಾಗ ಸುತ್ತ ನೋಡಿ ತಾನೂ ನಗುತ್ತಿದ್ದಳು, ಒಂದು ಗಳಿಗೆ ತಡವಾಗಿ. ಆ ತಡವಾದ ನಗುವನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನಮ್ಮ ಸೀಟಿನ ಪಕ್ಕವೇ ಬಾಗಿಲು, ಬಾಗಿಲಿನ ಮೇಲೆ ಸಣ್ಣ ಕೆಂಪು ದೀಪ. ನಾನು ಇಳಿದು ಅದರ ಕೆಳಗಿನ ಮೆಟ್ಟಿಲ ಮೇಲೆ, ರಂಗಕ್ಕೆ ಬೆನ್ನು ಹಾಕಿ, ಅತ್ತಿಗೆ ಎದುರಾಗಿ ಕೂತೆ. ಹಿಂದಿನಿಂದ ಕೇಳುತ್ತಿದ್ದ ಮರಾಠಿಯನ್ನು ಮುಂದೆ ಕನ್ನಡ ಮಾಡಿ ಬಾಯಿ ಆಡಿಸತೊಡಗಿದೆ. ತಿಳಿಯದ ಕಡೆ ನಾನೇ ಕಟ್ಟಿದೆ. ಆ ನಾಟಕದಲ್ಲಿ ಮಾವ ಸೊಸೆಗೆ "ನೀ ಹೋಂವರ್ಕ್ ಯಾಕ ಮಾಡಿಲ್ಲ" ಎಂದು ಕೇಳುವುದು ನನ್ನ ಸೇರ್ಪಡೆ.

"ಏ ಸುಜ್ಜಿ, ಆ ಕಡೆ ಹೊಳ್ಳಿ ಕೂಡ್ರ! ಇಷ್ಟ ದೂರ ನಿನ್ನ ಕರಕೊಂಡ ಬಂದದ್ದು ಗ್ವಾಡಿ ನೋಡಾಕೇನು?" ಅಪ್ಪ ಪಿಸುಗುಟ್ಟಿದ. ಆತನ ಪಿಸುಮಾತಿಗೆ ಬಾಲ್ಕನಿಯೇ ಹೊರಳಿ ನೋಡಿತು. ಅತ್ತಿ ಮಾತ್ರ ಹೊರಳಲಿಲ್ಲ. ಆಕೆಯ ಕಣ್ಣು ನನ್ನ ಬಾಯಿಯ ಮೇಲಿತ್ತು. ಅಪ್ಪ ಇನ್ನೇನೋ ಹೇಳಲು ಹೋಗಿ ನಿಲ್ಲಿಸಿದ. ನನ್ನ ತುಟಿ ನೋಡಿದ, ಅತ್ತಿಯ ಮುಖ ನೋಡಿದ. "ಅಕ್ಕಾ," ಎಂದು ಆಕೆಯ ಬೆನ್ನ ಹಿಂದಿನಿಂದ ಕರೆದ. ಇನ್ನೊಮ್ಮೆ ಕರೆದ. ಆಮೇಲೆ ಕರೆಯಲಿಲ್ಲ.

ಮಧ್ಯಂತರದಲ್ಲಿ ಅಪ್ಪ ದಡದಡ ಕೆಳಗೆ ಇಳಿದ. ನಾನೂ ಬೆನ್ನು ಹತ್ತಿದೆ. ಸಾಹೇಬರು ನಮ್ಮ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಅಪ್ಪ ಕೈ ಮುಗಿದು ಹೇಳಿದ: "ನಮ್ಮ ಅಕ್ಕಗ ಖರೇನ ಕೇಳೂದಿಲ್ರಿ. ನನಗ ತಿಳದಿದ್ದಿಲ್ಲ. ಆಕಿ ಒಬ್ಬಾಕಿಗೆ ಒಂದ ಸೀಟ ಬಿಟ್ಟ ಕೊಡ್ರಿ. ನಾವಿಬ್ರೂ ಹೊರಗ ನಿಂದರತೇವಿ."

ಸಾಹೇಬರು ಚಷ್ಮಾ ತೆಗೆದು ಒರೆಸಿದರು. "ನೀವು ಏನು ವ್ಯಾಪಾರ ಮಾಡತೀರಿ?"

"ಮೆಣಸಿನಕಾಯಿರಿ."

"ಸವಾಲು ಮುಗಿದ ಮೇಲೆ ಮಾಲು ವಾಪಸು ತಗೋತೀರಾ?"

ಅದು ಅಪ್ಪನದೇ ಮಾತು. ಅಂಗಡಿಯಲ್ಲಿ ದಿನ ಬೆಳಗಾದರೆ ರೈತರಿಗೆ ಹೇಳುವ ಮಾತು. ಸಾಹೇಬರ ಮಗಳು ಎದ್ದು ನಿಂತಿದ್ದಳು, ಇದನ್ನು ಹೇಳಬೇಕು. ಅವಳ ಅವ್ವ ಅವಳ ಫ್ರಾಕು ಹಿಡಿದೆಳೆದು ಕೂರಿಸಿದಳು. ಗಂಟೆ ಹೊಡೆಯಿತು, ದೀಪ ಆರಿತು, ಡೋರ್‌ಕೀಪರ್ ನಮ್ಮನ್ನು "ವರ, ವರ" ಎಂದು ಮೇಲಕ್ಕೆ ಅಟ್ಟಿದ.

ಮೇಲೆ ಬಂದ ಅಪ್ಪ ನನ್ನನ್ನು ಸೀಟಿನಲ್ಲಿ ಕೂರಿಸಿ, ತಾನೇ ಹೋಗಿ ಕೆಂಪು ದೀಪದ ಕೆಳಗೆ ಮೆಟ್ಟಿಲ ಮೇಲೆ ಕೂತ. ಧೋತರ ಮುದುರಿಕೊಂಡು, ನಾಟಕಕ್ಕೆ ಬೆನ್ನು ಹಾಕಿ, ಬಾಯಿ ಆಡಿಸಲು ಸುರು ಮಾಡಿದ. ಜನ್ಮದಲ್ಲಿ ಮೊದಲ ಸಲ ಆತನ ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಅತ್ತಿ ಸ್ವಲ್ಪ ಹೊತ್ತು ನೋಡಿ, ಬಗ್ಗಿ ಆತನ ಹೆಗಲು ತಟ್ಟಿದಳು.

"ಭರಮೂ, ನಿನ್ನ ಮೀಸಿ ಅಡ್ಡ ಬರತಾವು. ಹುಡುಗೀನ ಕೂಡ್ಸು."

ಉಳಿದ ನಾಟಕವನ್ನು ಮತ್ತೆ ನಾನೇ ಹೇಳಿದೆ. ಮುಂಬಯಿಯ ಅಷ್ಟು ದೊಡ್ಡ ನಾಟಕದಲ್ಲಿ ನಾನು ನೋಡಿದ್ದು ನಮ್ಮ ಅತ್ತಿಯ ಮುಖ ಒಂದೇ. ಮುಗಿದು ಹೊರಗೆ ಬಂದಾಗ ಅಪ್ಪ ಆಕೆಯ ಮುಂದೆ ಬಂದು ನಿಂತು, ನಿಧಾನವಾಗಿ ಕೇಳಿದ, "ತಿಳೀತೇನ ಅಕ್ಕಾ?"

"ಕಥಿ ಎಲ್ಲಾ ತಿಳೀತು. ಸುಜ್ಜಿ ಛಲೋ ಹೇಳಿದ್ಲು." ಬಸ್ಸಿನ ಮೆಟ್ಟಿಲು ಹತ್ತುವಾಗ, ನನಗೆ ಮಾತ್ರ ಕಾಣುವ ಹಾಗೆ ಹೊರಳಿ, ಸದ್ದಿಲ್ಲದೆ ಹೇಳಿದಳು: 'ದನಿ ಬರಲಿಲ್ಲ, ಸುಜ್ಜಿ.'

ಮರುದಿನ ಬೆಳಿಗ್ಗೆ ಅಪ್ಪ ಮೀಸೆ ಬೋಳಿಸಿಕೊಂಡು ಬಂದ. ನಮ್ಮ ಕಡೆ ಹಿರಿಯರು ಸತ್ತರೆ ಮೀಸೆ ತೆಗೆಯುತ್ತಾರೆ, ಓಣಿಯ ಮಂದಿ ಒಬ್ಬೊಬ್ಬರಾಗಿ ಬಂದು "ಯಾರ ಹೋದ್ರು?" ಎಂದು ಕೇಳತೊಡಗಿದರು. "ಯಾರೂ ಹೋಗಿಲ್ಲ, ಅಕ್ಕನ ಜೋಡಿ ಮಾತಾಡೂದೈತಿ," ಎಂದು ಅಪ್ಪ ಎಲ್ಲರ ಮೇಲೂ ರೇಗಿದ. ಆ ಮೀಸೆಯನ್ನು ಆತ ಮತ್ತೆ ಬಿಡಲಿಲ್ಲ. ಅವ್ವನೂ ಸೊಕ್ಕಿನ ಮಾತು ಬಿಟ್ಟು, ಅತ್ತಿಗೆ ಏನು ಹೇಳಬೇಕಾದರೂ ಒಲೆಯ ಮುಂದಿನಿಂದ ಎದ್ದು ಆಕೆಯ ಎದುರಿಗೆ ಹೋಗಿ ನಿಲ್ಲುವುದನ್ನು ಕಲಿತಳು. ಆದರೆ ಆ ನಟಿ ಮತ್ತೆ ನಮ್ಮ ಕಡೆ ಬರಲಿಲ್ಲ. ಕೆಲವು ವರ್ಷಕ್ಕೆ ಅತ್ತಿ ಹೋದಳು. ಕೇಳಬೇಕಾಗಿದ್ದನ್ನು ಕೇಳದೆಯೇ ಹೋದಳು.

ಈಗ ನಾಟಕದ ಟಿಕೀಟಿಗೆ ಮನುಷ್ಯರು ಬೇಕಾಗಿಲ್ಲ. ಮೊಬೈಲು 'ಎಷ್ಟು ಸೀಟು' ಎಂದು ಕೇಳುತ್ತದೆ, ಯಾರಿಗೆ ಎಂದು ಕೇಳುವುದಿಲ್ಲ. ಖಾಲಿ ಇದ್ದವು ಹಸಿರು, ಹೋದವು ಬೂದು. ಮೊದಲನೇ ಸಾಲು ಖಿಡಕಿ ತೆರೆಯುವ ಮೊದಲೇ ಬೂದು. ನಿಮಂತ್ರಿತರಿಗಂತೆ. ಆ ನಿಮಂತ್ರಿತರು ಅರ್ಧ ನಾಟಕ ಮುಗಿದ ಮೇಲೆ ಬಂದು, ಇಡೀ ಸಾಲನ್ನು ಎಬ್ಬಿಸಿ, ಕೂತು, ಮಡಿಲಲ್ಲಿ ಬೆಳಕು ಹಚ್ಚಿಕೊಂಡು ತಮ್ಮ ಮೊಬೈಲು ನೋಡುತ್ತಾರೆ. ಅಂಥವರನ್ನು ಕಂಡಾಗಲೆಲ್ಲ ನನಗೆ ಬಿಳಿ ಪ್ಯಾಂಟು ಕಾಣಿಸುತ್ತದೆ.

ಹೋದ ಚಳಿಗಾಲ ಹಟ ಹಿಡಿದೆ. ಕೊಲ್ಹಾಪುರಕ್ಕೆ ನಾನೇ ಹೋಗಿ, ವ್ಯವಸ್ಥಾಪಕರ ಕೋಣೆಯ ಮುಂದೆ ಕೂತು, ಬಿಪಿ ಗುಳಿಗೆ ಅಲ್ಲಿಯೇ ನುಂಗಿ, ಅವರಿಗೇ ಹೆದರಿಕೆ ಹುಟ್ಟಿಸಿ, ಮೊದಲನೇ ಸಾಲಿನಲ್ಲಿ ಒಂದು ಸೀಟು ಪಡೆದೆ. ಮುಂಬಯಿಯಿಂದ ಬಂದ ನಟಿ ನನ್ನಿಂದ ನಾಲ್ಕು ಮಾರು ದೂರದಲ್ಲಿ ನಿಂತು ಬಾಯಿ ತೆರೆದಳು. ಆ ಬಾಯಿ ಎಷ್ಟು ಚೆನ್ನಾಗಿ ಕಾಣುತ್ತಿತ್ತು! ಮಾತು ಮಾತ್ರ ನನ್ನ ಬೆನ್ನ ಹಿಂದಿನ ಗೋಡೆಯಿಂದ ಬಂತು. ಕೆನ್ನೆಗೆ ಅಂಟಿಸಿದ ಮೈಕು, ಗೋಡೆಗೆ ತೂಗಿದ ಡಬ್ಬಿ. ಬಾಯಿ ಅಲ್ಲಿ, ದನಿ ಇಲ್ಲಿ.

ಮಧ್ಯಂತರದಲ್ಲಿ ಮೈಕಿನ ಹುಡುಗನನ್ನು ಹಿಡಿದು ದಬಾಯಿಸಿದೆ. ಆತ ತಾಳ್ಮೆಯಿಂದ ಹೇಳಿದ. "ಸ್ಪೀಕರ್ ಎಲ್ಲಾ ಹಿಂದ ಅದಾವ್ರಿ ಮಾವಶಿ. ಮುಂದ ಯಾಕ ಕುಂತೀರಿ? ಮ್ಯಾಲ ಬಾಲ್ಕನಿ ಖಾಲಿ ಐತಿ, ಅಲ್ಲಿ ಕೂಡ್ರಿ, ಫಸ್ಟ್ ಕ್ಲಾಸ್ ಕೇಳತೈತಿ."

ಅಪ್ಪ ಇದ್ದಿದ್ದರೆ "ನೋಡ!" ಎನ್ನುತ್ತಿದ್ದ. ನಾನು ಮೇಲೆ ಹೋಗಲಿಲ್ಲ. ನನ್ನ ಸೀಟಿಗೆ ಬಂದು ಕೂತು, ಎರಡೂ ಕಿವಿಗೆ ಬೆರಳು ಇಟ್ಟುಕೊಂಡು, ಆ ನಟಿಯ ತುಟಿಗಳನ್ನೇ ನೋಡತೊಡಗಿದೆ. ಪಕ್ಕದ ನಿಮಂತ್ರಿತರು ನನ್ನನ್ನು ವಿಚಿತ್ರವಾಗಿ ನೋಡಿದರು. ನೋಡಲಿ.